ಓದುಗರ ಪ್ರಶ್ನೆಗೆ ಉತ್ತರ: ಉಳಿದ ಕಂತುಗಳನ್ನು ಇಡಿಗಂಟಾಗಿ ಕಟ್ಟಿ ಸಾಲ ಮುಗಿಸುವಾಗ

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಪತ್ರಗಳು ಬೇರೆ ಬೇರೆ ಊರುಗಳವಾದರೂ ಕೇಳುತ್ತಿರುವುದು ಹೆಚ್ಚುಕಡಿಮೆ ಒಂದೇ ಮಾತನ್ನು. ನ್ಯಾಯಾಲಯದ ಮುಂದೆಯೋ ಬ್ಯಾಂಕಿನ ಪತ್ರದ ಮೂಲಕವೋ ಕಂತುಗಳಲ್ಲಿ ತೀರಿಸುವುದೆಂದು ಒಪ್ಪಿಕೊಂಡ ಸಾಲವನ್ನು, ಕೈಗೆ ಒಂದಿಷ್ಟು ದೊಡ್ಡ ಮೊತ್ತ ಬಂದಾಗ, ಅವಧಿಗೆ ಮೊದಲೇ ಮುಗಿಸಿಕೊಳ್ಳಬಹುದೇ, ಮುಗಿಸಿಕೊಳ್ಳುವುದಾದರೆ ಹೇಗೆ ಎಂಬುದು ಎಲ್ಲರ ಚಿಂತೆ. ಹೀಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರನ್ನೂ ಬ್ಯಾಂಕುಗಳ ಹೆಸರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಹಾಸನ ಜಿಲ್ಲೆಯ ನಿವೃತ್ತ ಶಿಕ್ಷಕ. ಮಗನ ಅಂಗಡಿಗಾಗಿ ನನ್ನ ಹೆಸರಿನಲ್ಲಿ ಬ್ಯಾಂಕಿನಿಂದ ತೆಗೆದ ಸಾಲ ಸುಸ್ತಿಯಾಗಿ, ಬ್ಯಾಂಕಿನವರು ಬಡ್ಡಿ ಸೇರಿಸಿ 7 ಲಕ್ಷ 20 ಸಾವಿರ ರೂಪಾಯಿಗೆ ದಾವೆ ಹೂಡಿದ್ದರು. ಲೋಕ ಅದಾಲತ್‌ನಲ್ಲಿ ರಾಜಿಯಾಗಿ, ತಿಂಗಳಿಗೆ 10 ಸಾವಿರದಂತೆ 48 ಕಂತುಗಳಲ್ಲಿ ಒಟ್ಟು 4 ಲಕ್ಷ 80 ಸಾವಿರ ಕಟ್ಟುವುದೆಂದು, ಅದಕ್ಕೆ ಬಡ್ಡಿ ಇಲ್ಲವೆಂದು ಬರೆಸಿಕೊಂಡೆವು. ಸತತ ಎರಡು ಕಂತು ತಪ್ಪಿದರೆ ದಾವೆಯ ಪೂರ್ತಿ ಮೊತ್ತ ಬಡ್ಡಿಸಮೇತ ವಸೂಲಾಗಬೇಕೆಂಬ ಷರತ್ತೂ ಇದೆ. 18 ಕಂತು ಕಟ್ಟಿದ್ದೇನೆ. ಈಗ ಗ್ರಾಚ್ಯುಟಿ ಹಣದಲ್ಲಿ 3 ಲಕ್ಷ 40 ಸಾವಿರ ಉಳಿದಿದೆ. ಉಳಿದ 30 ಕಂತುಗಳನ್ನು ಒಟ್ಟಿಗೆ ಕಟ್ಟಿ ಮುಗಿಸಬಹುದೇ? ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಎಂದು ಕೇಳುವುದಕ್ಕೆ ಅವಕಾಶವಿದೆಯೇ?

ಉತ್ತರ: ಗುರುಗಳೇ, ಅವಧಿಗೆ ಮೊದಲು ಕಟ್ಟುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಲೋಕ ಅದಾಲತ್‌ನ ಐತೀರ್ಪು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಮಿನಂತೆ ಸಿವಿಲ್ ನ್ಯಾಯಾಲಯದ ಡಿಕ್ರಿಗೆ, ಅಂದರೆ ಜಾರಿ ಮಾಡಬಹುದಾದ ತೀರ್ಪಿನ ಆದೇಶಕ್ಕೆ, ಸಮಾನವಾದದ್ದು. ಅದು ಅಂತಿಮ, ಅದರ ಮೇಲೆ ಮೇಲ್ಮನವಿ ಇಲ್ಲ. ಡಿಕ್ರಿಯ ಹಣವನ್ನು ಹೇಗೆ ಕಟ್ಟಬೇಕೆಂಬುದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 1ನೇ ನಿಯಮ ಹೇಳುತ್ತದೆ. ಬ್ಯಾಂಕಿನ ಮೂಲಕ ಡಿಕ್ರಿದಾರರಿಗೆ (ಡಿಕ್ರಿ ಯಾರ ಪರವಾಗಿದೆಯೋ ಅವರಿಗೆ, ಇಲ್ಲಿ ನಿಮಗೆ ಸಾಲ ಕೊಟ್ಟ ಬ್ಯಾಂಕಿಗೆ) ನೇರವಾಗಿ ಕಟ್ಟಬಹುದು, ಅವರು ತಕರಾರು ಮಾಡಿದರೆ ನ್ಯಾಯಾಲಯದಲ್ಲಿ ಠೇವಣಿ ಇಟ್ಟು ಅವರಿಗೆ ನೋಟಿಸು ಕೊಡಬಹುದು. ಆದ್ದರಿಂದ ಪೂರ್ತಿ 3 ಲಕ್ಷವನ್ನು ಇವತ್ತೇ ಕಟ್ಟುತ್ತೇನೆಂದರೆ ನಿಮ್ಮನ್ನು ತಡೆಯುವವರು ಯಾರೂ ಇಲ್ಲ.

ಆದರೆ ಹಾಗೆ ಮಾಡಬೇಕೇ ಎಂಬುದು ಬೇರೆಯೇ ಪ್ರಶ್ನೆ, ಅದರ ಬಗ್ಗೆ ನನಗೆ ಸ್ಪಷ್ಟವಾದ ಅಭಿಪ್ರಾಯವಿದೆ. ನಿಮ್ಮ ಕಂತುಗಳಿಗೆ ಬಡ್ಡಿ ಇಲ್ಲ. ಬಡ್ಡಿ ಓಡುತ್ತಿರುವ ಸಾಲವನ್ನು ಬೇಗ ತೀರಿಸಿದರೆ ಬಡ್ಡಿ ಉಳಿಯುತ್ತದೆ, ಬಡ್ಡಿಯೇ ಇಲ್ಲದ ಕಂತುಗಳನ್ನು ರಿಯಾಯಿತಿ ಪಡೆಯದೆ ಮೊದಲೇ ಕಟ್ಟಿದರೆ ಉಳಿಯುವುದು ಏನೂ ಇಲ್ಲ. ಎರಡೂವರೆ ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬರಬೇಕಾದ 3 ಲಕ್ಷ, ವರ್ಷಕ್ಕೆ ಶೇಕಡಾ 9ರ ಲೆಕ್ಕದಲ್ಲಿ, ಬ್ಯಾಂಕಿಗೆ ಇವತ್ತಿನ ಬೆಲೆಯಲ್ಲಿ ಸುಮಾರು 2 ಲಕ್ಷ 68 ಸಾವಿರಕ್ಕೆ ಸಮ. ನಿಮ್ಮ ಹಣಕ್ಕೆ ಠೇವಣಿಯಲ್ಲಿ ಶೇಕಡಾ 7 ಸಿಗುತ್ತದೆಂದು ಇಟ್ಟುಕೊಂಡರೆ, ನಿಮ್ಮ ಕಡೆಯಿಂದ ಅದೇ 30 ಕಂತುಗಳ ಇವತ್ತಿನ ಬೆಲೆ ಸುಮಾರು 2 ಲಕ್ಷ 74 ಸಾವಿರ. ಅಂದರೆ ಈ ಎರಡು ಅಂಕಿಗಳ ನಡುವೆ ಎಲ್ಲಿ ಒಪ್ಪಂದವಾದರೂ ಎರಡೂ ಕಡೆಯವರಿಗೆ ನಷ್ಟವಿಲ್ಲ. ನೀವು ಎರಡೂವರೆ ಲಕ್ಷದಿಂದ ಮಾತು ಆರಂಭಿಸಿ, 2 ಲಕ್ಷ 75 ಸಾವಿರದ ಒಳಗೆ ನಿಲ್ಲಿಸಿಕೊಳ್ಳಲು ನೋಡಿ.

ಕಡಿಮೆ ಮಾಡಿ ಎಂದು ಕೇಳುವುದು ಹಕ್ಕಲ್ಲ, ಕೇಳಿಕೆ. ಆದರೆ ಬ್ಯಾಂಕು ಒಪ್ಪಿದರೆ ಆ ಒಪ್ಪಿಗೆಗೆ ನಮ್ಮ ಕಾನೂನಿನಲ್ಲಿ ಗಟ್ಟಿಯಾದ ನೆಲೆಯಿದೆ. 1872ರ ಭಾರತೀಯ ಕರಾರು ಕಾಯ್ದೆಯ 63ನೇ ಕಲಮು, ಹಣ ಬರಬೇಕಾದವನು ಅದನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಬಿಟ್ಟುಕೊಡಬಹುದು ಎನ್ನುತ್ತದೆ. ಅದರ ಕೆಳಗಿನ ಉದಾಹರಣೆಗಳನ್ನು ಓದಿದರೆ ನಿಮಗೆ ಧೈರ್ಯ ಬರುತ್ತದೆ. 5,000 ರೂಪಾಯಿ ಕೊಡಬೇಕಾದವನು 2,000 ಕೊಟ್ಟು, ಪಡೆಯುವವನು ಅದನ್ನೇ ಇಡೀ ಸಾಲದ ಬಾಬ್ತು ಎಂದು ಸ್ವೀಕರಿಸಿದರೆ, ಇಡೀ ಸಾಲ ತೀರಿದಂತೆಯೇ. ಸಾಲಗಾರನ ಪರವಾಗಿ ಮೂರನೆಯವನೊಬ್ಬ 1,000 ಕೊಟ್ಟು, ಅದನ್ನು ಪೂರ್ತಿ ಬಾಬ್ತೆಂದು ಸ್ವೀಕರಿಸಿದರೂ ಅಷ್ಟೇ. ಇಂಗ್ಲೆಂಡಿನ ಹಳೆಯ ಕಾನೂನು ಇಷ್ಟು ಉದಾರವಾಗಿರಲಿಲ್ಲ, ಕಡಿಮೆ ಹಣ ಪಡೆದವನು ಉಳಿದದ್ದನ್ನು ಆಮೇಲೆ ಕೇಳಬಹುದಿತ್ತು. ನಮ್ಮ ಕಾಯ್ದೆಯನ್ನು ಬರೆದವರು ಇಲ್ಲಿ ಬೇರೆ ದಾರಿ ಹಿಡಿದದ್ದು ಸಾಲಗಾರರ ಭಾಗ್ಯವೆಂದೇ ನಾನು ಭಾವಿಸುತ್ತೇನೆ. ಆದರೆ ಆ ಉದಾಹರಣೆಗಳ ಪ್ರಾಣವಿರುವುದು ‘ಇಡೀ ಸಾಲದ ಬಾಬ್ತು ಎಂದು ಸ್ವೀಕರಿಸಿದರೆ’ ಎಂಬ ಮಾತಿನಲ್ಲಿ. ಹಾಗೆ ಸ್ವೀಕರಿಸಿದ್ದಾರೆಂಬುದಕ್ಕೆ ನಿಮ್ಮ ಕೈಯಲ್ಲಿ ಬರಹ ಇರಬೇಕು.

ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಹಳ ವರ್ಷಗಳ ಹಿಂದೆ ರೇಷ್ಮೆ ಬೆಳೆಯುವ ರೈತರೊಬ್ಬರು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನನ್ನ ಕಚೇರಿಗೆ ಬಂದಿದ್ದರು. ರೇಷನ್ ಕಾರ್ಡಿಗೂ ವಿಮೆಯ ಕಾಗದಕ್ಕೂ ನಡುವೆ ಜೋಪಾನವಾಗಿ ಮಡಿಸಿಟ್ಟಿದ್ದ ಒಂದು ಚಲನ್ ತೆಗೆದು ನನ್ನ ಮುಂದೆ ಹರಡಿದರು. ಮಡಿಕೆಯ ಜಾಗದಲ್ಲಿ ಕಾರ್ಬನ್ ಅಕ್ಷರ ಅಳಿಸಿಹೋಗಿತ್ತು, ನೇರಳೆ ಬಣ್ಣದ ದುಂಡು ಸೀಲು ಮಾತ್ರ ಸ್ಪಷ್ಟವಾಗಿತ್ತು. ವಿವರದ ಸಾಲಿನಲ್ಲಿ ‘ಸಾಲದ ಖಾತೆಗೆ ಜಮಾ’ ಎಂದಷ್ಟೇ ಇತ್ತು. ಅವತ್ತು ಮ್ಯಾನೇಜರು ‘ಇಷ್ಟು ಕಟ್ಟಿಬಿಡಿ, ನಿಮ್ಮದು ಮುಗೀತು’ ಎಂದು ಬಾಯಲ್ಲಿ ಹೇಳಿದ್ದನ್ನು ನಂಬಿ, ಅವರು ಹೆಂಡತಿಯ ಸರ ಮಾರಿ ಆ ಹಣ ಕಟ್ಟಿದ್ದರು. ಮ್ಯಾನೇಜರು ವರ್ಗವಾಗಿ ಹೋದರು. ನಾಲ್ಕು ವರ್ಷದ ಮೇಲೆ ಉಳಿದ ಮೊತ್ತಕ್ಕೆ ಬಡ್ಡಿ ಸೇರಿಸಿ ಅಮಲ್ಜಾರಿ (ಡಿಕ್ರಿಯನ್ನು ಜಾರಿಮಾಡಿ ವಸೂಲು ಮಾಡುವ) ನೋಟಿಸು ಬಂತು. ಆ ಚಲನ್‌ನ ಸಾಲಿನಲ್ಲಿ ‘ಪೂರ್ಣ ತೀರುವಳಿ ಬಾಬ್ತು’ ಎಂಬ ಮೂರು ಪದಗಳಿದ್ದಿದ್ದರೆ ನಾನು ಅವರನ್ನು ಒಂದೇ ದಿನದಲ್ಲಿ ಬಿಡಿಸುತ್ತಿದ್ದೆ. ಇರಲಿಲ್ಲವಾದ್ದರಿಂದ ಮತ್ತೊಂದಿಷ್ಟು ಕಟ್ಟಿಯೇ ಆ ಕಡತವನ್ನು ಮುಚ್ಚಿಸಬೇಕಾಯಿತು.

ಆದ್ದರಿಂದ ಗುರುಗಳೇ, ನೀವು ಮೊದಲು ಮಾಡಬೇಕಾದದ್ದು ಪತ್ರ ಬರೆಯುವುದು. ಲೋಕ ಅದಾಲತ್‌ನ ಪ್ರಕರಣದ ಸಂಖ್ಯೆ, ಸಾಲದ ಖಾತೆಯ ಸಂಖ್ಯೆ, ಇದುವರೆಗೆ ಕಟ್ಟಿದ ಕಂತುಗಳ ಲೆಕ್ಕ, ಉಳಿದ ಮೊತ್ತ, ನೀವು ಈಗ ಕಟ್ಟಲು ಸಿದ್ಧವಿರುವ ಮೊತ್ತ, ಎಷ್ಟು ದಿನದೊಳಗೆ ಕಟ್ಟುತ್ತೀರೆಂಬುದು, ಹಣ ಎಲ್ಲಿಂದ ಬಂದಿದೆಯೆಂಬುದು ಎಲ್ಲವನ್ನೂ ಒಂದೇ ಪುಟದಲ್ಲಿ ಬರೆದು ಶಾಖೆಗೆ ಕೊಟ್ಟು, ನಕಲಿನ ಮೇಲೆ ದಿನಾಂಕಸಹಿತ ಸ್ವೀಕೃತಿ ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿ ರಾಜಿಗೆ ಸಹಿ ಹಾಕಿದ ಬ್ಯಾಂಕಿನ ವಕೀಲರಿಗೂ ಹೋಗಲಿ. ಒಮ್ಮೆ ರಿಯಾಯಿತಿ ಕೊಟ್ಟ ಸಾಲಕ್ಕೆ ಮತ್ತೆ ರಿಯಾಯಿತಿ ಕೊಡುವ ಅಧಿಕಾರ ಶಾಖೆಯ ಮ್ಯಾನೇಜರಿಗೆ ಸಾಮಾನ್ಯವಾಗಿ ಇರುವುದಿಲ್ಲ, ಕಡತ ಪ್ರಾದೇಶಿಕ ಕಚೇರಿಗೆ ಹೋಗಿ ಬರಬೇಕು. ಅದಕ್ಕೆ ವಾರಗಳು ಹಿಡಿಯಬಹುದು. ಆ ಅವಧಿಯಲ್ಲಿ ಒಂದೇ ಒಂದು ಕಂತನ್ನೂ ನಿಲ್ಲಿಸಬೇಡಿ. ‘ಹೇಗೂ ಒಟ್ಟಿಗೆ ಕಟ್ಟುತ್ತೇವಲ್ಲ’ ಎಂದು ಎರಡು ತಿಂಗಳು ಸುಮ್ಮನಾದರೆ ನಿಮ್ಮ ಷರತ್ತಿನಂತೆ 7 ಲಕ್ಷ 20 ಸಾವಿರದ ದಾವೆ ಮತ್ತೆ ಎದ್ದು ನಿಲ್ಲುತ್ತದೆ, ಆಗ ನಿಮ್ಮ ಕೋರಿಕೆ ಪರಿಶೀಲನೆಯಲ್ಲಿತ್ತು ಎಂಬ ಮಾತು ನಿಮ್ಮನ್ನು ಕಾಪಾಡುವುದಿಲ್ಲ.

ಒಪ್ಪಿಗೆ ಪತ್ರ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಬಂದಮೇಲೆ, ಅದರಲ್ಲಿ ಹೇಳಿದ ಖಾತೆಗೇ, ಹೇಳಿದ ದಿನದೊಳಗೆ, ಆರ್‌ಟಿಜಿಎಸ್ ಅಥವಾ ಡಿಮ್ಯಾಂಡ್ ಡ್ರಾಫ್ಟ್ ಮೂಲಕ ಕಟ್ಟಿ. ನಗದಾಗಿ ಕಟ್ಟಬೇಡಿ. ಹಣ ಸಂದ ನಂತರ ಬ್ಯಾಂಕು ಮತ್ತು ನೀವು ಕೂಡಿ, ಡಿಕ್ರಿ ಪೂರ್ಣವಾಗಿ ತೀರಿದೆ ಎಂಬ ಮೆಮೊ ಒಂದನ್ನು ನ್ಯಾಯಾಲಯಕ್ಕೆ ಸಲ್ಲಿಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಅದೇ 21ನೇ ಆದೇಶದ 2ನೇ ನಿಯಮದಂತೆ, ನ್ಯಾಯಾಲಯದ ಹೊರಗೆ ಆದ ತೀರುವಳಿ ದಾಖಲಾಗದಿದ್ದರೆ ಅಮಲ್ಜಾರಿ ನಡೆಸುವ ನ್ಯಾಯಾಲಯ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬ್ಯಾಂಕು ತಾನಾಗಿ ಮೆಮೊ ಹಾಕದಿದ್ದರೆ ನೀವೇ ಅರ್ಜಿ ಹಾಕಬಹುದು, ಆದರೆ ಕಾಲಮಿತಿ ಕಾಯ್ದೆಯ ಪ್ರಕಾರ ಅದಕ್ಕಿರುವ ಅವಧಿ 30 ದಿನ ಮಾತ್ರ.

ಬ್ಯಾಂಕು ರಿಯಾಯಿತಿಗೆ ಒಪ್ಪದೆ, ಬೇಕಾದರೆ ಪೂರ್ತಿ 3 ಲಕ್ಷ ಕಟ್ಟಿ ಎಂದರೆ ಏನು ಮಾಡಬೇಕು? ಆಗ ನಾನು ನಿಮ್ಮ ಸ್ಥಾನದಲ್ಲಿದ್ದರೆ ಕಟ್ಟುವುದಿಲ್ಲ. ಆ ಹಣವನ್ನು ಬೇರೊಂದು ಬ್ಯಾಂಕಿನಲ್ಲಿ ಠೇವಣಿಯಿಟ್ಟು, ಪ್ರತಿ ತಿಂಗಳು 10 ಸಾವಿರ ತಾನಾಗಿ ಸಾಲದ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಬರೆದುಕೊಟ್ಟುಬಿಡುತ್ತೇನೆ. ಕಂತು ತಪ್ಪುವ ಭಯವೂ ಇರುವುದಿಲ್ಲ, ಠೇವಣಿಯ ಬಡ್ಡಿಯೂ ಉಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಿವೃತ್ತಿಯ ವಯಸ್ಸಿನಲ್ಲಿ ಮನೆಯಲ್ಲಿ ಯಾರಿಗಾದರೂ ಆಸ್ಪತ್ರೆಯ ಖರ್ಚು ಬಂದರೆ ಕೈಯಲ್ಲಿ ಒಂದಿಷ್ಟು ಇರುತ್ತದೆ. 3 ಲಕ್ಷ 40 ಸಾವಿರದಲ್ಲಿ 3 ಲಕ್ಷ ಕೊಟ್ಟು 40 ಸಾವಿರ ಇಟ್ಟುಕೊಂಡು ಕುಳಿತುಕೊಳ್ಳುವ ಸ್ಥಿತಿಯನ್ನು ನಾನು ಯಾವ ಹಿರಿಯರಿಗೂ ಸೂಚಿಸಲಾರೆ.

ಪ್ರಶ್ನೆ: ಸ್ನೇಹಿತರ ಸಾಲಕ್ಕೆ ಜಾಮೀನು ಹಾಕಿದ್ದೆ. ಅವರು ಬ್ಯಾಂಕಿನೊಡನೆ ಒನ್ ಟೈಮ್ ಸೆಟಲ್‌ಮೆಂಟ್ ಮಾಡಿಕೊಂಡು ಕಡಿಮೆ ಮೊತ್ತಕ್ಕೆ ಮುಗಿಸಿದ್ದಾರೆ. ಬಿಟ್ಟುಕೊಟ್ಟ ಹಣವನ್ನು ಬ್ಯಾಂಕು ನನ್ನಿಂದ ಕೇಳಬಹುದೇ? (ಬೆಳಗಾವಿ ಜಿಲ್ಲೆ)

ಉತ್ತರ: ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. 134ನೇ ಕಲಮಿನಂತೆ, ಸಾಲಗಾರರನ್ನು ಹೊಣೆಯಿಂದ ಬಿಡುಗಡೆ ಮಾಡುವ ಒಪ್ಪಂದವಾದರೆ ಜಾಮೀನುದಾರರೂ ಬಿಡುಗಡೆ ಹೊಂದುತ್ತಾರೆ. ಆದರೆ ನೀವು ಸಹಿ ಹಾಕಿದ ಜಾಮೀನು ಪತ್ರದಲ್ಲಿ ಈ ರಕ್ಷಣೆಯನ್ನು ಬಿಟ್ಟುಕೊಟ್ಟಿದ್ದೇನೆ ಎಂಬ ಸಾಲು ಬಹುತೇಕ ಇದ್ದೇ ಇರುತ್ತದೆ. ಆದ್ದರಿಂದ ವಾದಕ್ಕೆ ಇಳಿಯುವ ಬದಲು, ಸ್ನೇಹಿತರಿಗೆ ಬಂದಿರುವ ಒಪ್ಪಿಗೆ ಪತ್ರದ ಪ್ರತಿ ಪಡೆದು, ಅದರಲ್ಲಿ ಜಾಮೀನುದಾರರ ಹೊಣೆಯೂ ಮುಗಿದಿದೆ ಎಂಬ ಮಾತಿದೆಯೇ ನೋಡಿ. ಇಲ್ಲವಾದರೆ ನಿಮ್ಮ ಹೆಸರಿನಲ್ಲಿಯೇ ಪ್ರತ್ಯೇಕ ಪತ್ರ ಕೊಡುವಂತೆ ಇಬ್ಬರೂ ಸೇರಿ ಬರೆದು ಕೇಳಿ.

ಪ್ರಶ್ನೆ: ನನ್ನ ಯಜಮಾನರ ವೈಯಕ್ತಿಕ ಸಾಲದ ಬಾಕಿ 1 ಲಕ್ಷ 90 ಸಾವಿರವನ್ನು ಕಂತುಗಳಾಗಿ ಮಾಡಿಕೊಡುವುದಾಗಿ ಬ್ಯಾಂಕು ಪತ್ರ ಕೊಟ್ಟಿತ್ತು, ಏಳು ತಿಂಗಳಿಂದ ಕಟ್ಟುತ್ತಿದ್ದೇವೆ. ಈಗ ವಸೂಲಿ ಏಜೆಂಟರೊಬ್ಬರು ಫೋನ್ ಮಾಡಿ, ಇವತ್ತು ಸಂಜೆಯೊಳಗೆ 90 ಸಾವಿರ ಯುಪಿಐ ಮಾಡಿದರೆ ಪೂರ್ತಿ ಕ್ಲೋಸ್ ಮಾಡಿಸುತ್ತೇನೆ, ಲೆಟರ್ ಆಮೇಲೆ ಬರುತ್ತದೆ ಎನ್ನುತ್ತಿದ್ದಾರೆ. ತವರಿನಿಂದ ಆ ಹಣ ತರಬಲ್ಲೆ. ಕೊಡಬಹುದೇ? (ಹುಬ್ಬಳ್ಳಿ)

ಉತ್ತರ: ಕೊಡಬೇಡಿ ತಾಯಿ. ಪತ್ರ ಆಮೇಲೆ ಬರುತ್ತದೆ ಎನ್ನುವ ತೀರುವಳಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಏಜೆಂಟರಿಗೆ ಸಾಲವನ್ನು ಬಿಟ್ಟುಕೊಡುವ ಅಧಿಕಾರವಿಲ್ಲ, ಅದು ಇರುವುದು ಬ್ಯಾಂಕಿಗೆ. ಹಣ ಹೋಗಬೇಕಾದದ್ದು ಯಜಮಾನರ ಸಾಲದ ಖಾತೆಗೆ, ಯಾರದೋ ಮೊಬೈಲ್ ಸಂಖ್ಯೆಗಲ್ಲ. ‘ನಿಮ್ಮ ಮಾತನ್ನು ಬ್ಯಾಂಕಿನ ಪತ್ರದಲ್ಲಿಯೋ ಬ್ಯಾಂಕಿನ ಅಧಿಕೃತ ಇಮೇಲ್‌ನಲ್ಲಿಯೋ ಕಳಿಸಿ, ಅದು ಬಂದ ದಿನವೇ ಕಟ್ಟುತ್ತೇನೆ’ ಎಂದು ಹೇಳಿ ಫೋನ್ ಇಡಿ. ನಿಜವಾದ ಕೊಡುಗೆಯಾದರೆ ಪತ್ರ ಬರುತ್ತದೆ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿಯೇ ಸ್ಪಷ್ಟಪಡಿಸಿದೆ. ಅದನ್ನು ಮೀರಿದರೆ ಕರೆಯ ಸಮಯವನ್ನು ಬರೆದಿಟ್ಟುಕೊಳ್ಳಿ.

ಪತ್ರ ಬಂದರೆ ಅದರಲ್ಲಿ ಮೂರು ಸಂಗತಿ ನೋಡಿ: ಸಾಲದ ಖಾತೆಯ ಸಂಖ್ಯೆ ಸರಿಯಾಗಿದೆಯೇ, ಈ ಮೊತ್ತ ಕಟ್ಟಿದರೆ ಬೇರೇನೂ ಬಾಕಿ ಉಳಿಯುವುದಿಲ್ಲ ಎಂದು ಬರೆದಿದ್ದಾರೆಯೇ, ಕೊನೆಯ ದಿನಾಂಕ ಯಾವುದು. ಆ ಕೊನೆಯ ದಿನಾಂಕವನ್ನು ಹಗುರವಾಗಿ ಕಾಣಬೇಡಿ. ಒನ್ ಟೈಮ್ ಸೆಟಲ್‌ಮೆಂಟ್ ಯಾರೂ ಹಕ್ಕಾಗಿ ಕೇಳುವಂಥದ್ದಲ್ಲವೆಂದು ಸುಪ್ರೀಂ ಕೋರ್ಟು 2021ರ ಡಿಸೆಂಬರಿನಲ್ಲಿ ಬಿಜ್ನೋರಿನ ಒಂದು ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಹೇಳಿತು. ಒಪ್ಪಿಕೊಂಡ ಅವಧಿ ಮುಗಿದ ಮೇಲೆ ಅದನ್ನು ಹೈಕೋರ್ಟು ಕೂಡ ವಿಸ್ತರಿಸುವಂತಿಲ್ಲವೆಂದು ಮರುವರ್ಷದ ಇನ್ನೊಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ತವರಿನ ಹಣ ನಿಮ್ಮ ಕೈಗೆ ಬರುವ ದಿನ ಖಚಿತವಾದ ಮೇಲೆಯೇ ಕೊನೆಯ ದಿನಾಂಕಕ್ಕೆ ಒಪ್ಪಿಕೊಳ್ಳಿ.

ಇನ್ನೊಂದು ಸಂಗತಿಯನ್ನು ಏಜೆಂಟರು ಹೇಳುವುದಿಲ್ಲ, ನಾನು ಹೇಳಬೇಕು. ಕಡಿಮೆ ಮೊತ್ತಕ್ಕೆ ಮುಗಿಸಿದ ಸಾಲ, ಸಾಲಗಾರರ ಮರುಪಾವತಿಯ ಚರಿತ್ರೆಯನ್ನು ಇಡುವ ಸಿಬಿಲ್ ಮುಂತಾದ ಸಂಸ್ಥೆಗಳ ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬರುವುದಿಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಮುಂದೆ ಮನೆ ಸಾಲಕ್ಕೋ ಮಕ್ಕಳ ಓದಿನ ಸಾಲಕ್ಕೋ ಹೋದಾಗ ಆ ಪದವನ್ನು ನೋಡಿ ಬ್ಯಾಂಕುಗಳು ಹಿಂಜರಿಯುತ್ತವೆ. ರಿಸರ್ವ್ ಬ್ಯಾಂಕಿನ 2023ರ ಜೂನ್ ತಿಂಗಳ ಚೌಕಟ್ಟಿನ ಪ್ರಕಾರ, ಕೃಷಿಯಲ್ಲದ ಸಾಲವನ್ನು ಹೀಗೆ ರಾಜಿಯಲ್ಲಿ ಮುಗಿಸಿಕೊಂಡವರಿಗೆ ಅದೇ ಸಂಸ್ಥೆ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ. ನೀವು ಏಳು ತಿಂಗಳಿಂದ ಕಂತು ತಪ್ಪಿಸದೆ ಕಟ್ಟುತ್ತಾ ಬಂದಿದ್ದೀರಿ. ಇನ್ನೆರಡು ವರ್ಷದಲ್ಲಿ ಮಗಳ ಕಾಲೇಜಿಗೆ ಸಾಲ ಬೇಕಾಗಬಹುದೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹಾಗಿದ್ದರೆ ತವರಿನ ಹಣವನ್ನು ತಂದು ರಿಯಾಯಿತಿಯಲ್ಲಿ ಮುಗಿಸುವುದಕ್ಕಿಂತ, ಅದೇ ಹಣದಿಂದ ಕೆಲವು ಕಂತುಗಳನ್ನು ಮುಂದಾಗಿ ಕಟ್ಟಿ, ಪೂರ್ತಿ ಬಾಕಿಯನ್ನೇ ತೀರಿಸಿ ‘ಕ್ಲೋಸ್ಡ್’ ಎಂದು ಬರೆಸಿಕೊಳ್ಳುವುದು ನಿಮ್ಮ ಮನೆಗೆ ಹೆಚ್ಚು ಒಳ್ಳೆಯದೆಂದು ನನ್ನ ಅನಿಸಿಕೆ. ಮುಗಿದ ಮೇಲೆ ವರದಿಯಲ್ಲಿ ತಪ್ಪಾಗಿ ಬಂದಿದ್ದರೆ ಸಿಬಿಲ್‌ಗೂ ಬ್ಯಾಂಕಿಗೂ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ಯಜಮಾನರಿಗಿದೆ.

ಪ್ರಶ್ನೆ: ನನ್ನ ತಮ್ಮ ಇಂಗ್ಲೆಂಡಿನಲ್ಲಿ ನೆಲೆಸಿದ್ದಾನೆ. ಕ್ರೆಡಿಟ್ ಕಾರ್ಡ್ ಸಾಲಗಳು ಹೆಚ್ಚಾಗಿ ಅಲ್ಲಿ ಐವಿಎ ಎಂಬ ಏರ್ಪಾಡಿಗೆ ಸಹಿ ಹಾಕಿದ್ದಾನೆ. ತಿಂಗಳಿಗೆ 220 ಪೌಂಡಿನಂತೆ 60 ತಿಂಗಳು, ಅದರಲ್ಲಿ 38 ಮುಗಿದಿವೆ. ನಾವು ಮೈಸೂರಿನ ಒಂದು ಸೈಟನ್ನು ಮಾರುತ್ತಿದ್ದೇವೆ. ಅದರಲ್ಲಿ ಸ್ವಲ್ಪ ಹಣ ಕಳಿಸಿ ಅವನ ಸಾಲವನ್ನು ಈಗಲೇ ಮುಗಿಸಿಬಿಡಬಹುದೇ? (ಮೈಸೂರು)

ಉತ್ತರ: ಅಕ್ಕನಾಗಿ ನೀವು ಪಡುತ್ತಿರುವ ಕಾಳಜಿ ಅರ್ಥವಾಗುತ್ತದೆ. ಆದರೆ ಹಣ ಕಳಿಸುವ ಮೊದಲು ಒಂದು ಪ್ರಶ್ನೆಗೆ ನೀವೇ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಬೇಕು: ಆ ಸೈಟು ಯಾರದು? ಅದು ನಿಮ್ಮದೇ ಸ್ವಂತದ್ದಾದರೆ ಒಂದು ದಾರಿ, ತಂದೆಯವರ ಕಾಲದ್ದಾಗಿ ತಮ್ಮನಿಗೂ ಅದರಲ್ಲಿ ಪಾಲಿದ್ದರೆ ಬೇರೆಯೇ ದಾರಿ.

ಐವಿಎ ಎಂಬುದು 1986ರ ಇಂಗ್ಲೆಂಡಿನ ಇನ್‌ಸಾಲ್ವೆನ್ಸಿ ಕಾಯ್ದೆಯ ಕೆಳಗೆ ಸಾಲಗಾರರು ತಮಗೆ ಸಾಲ ಕೊಟ್ಟವರೆಲ್ಲರ ಜೊತೆ ಮಾಡಿಕೊಳ್ಳುವ ಬದ್ಧ ಒಪ್ಪಂದ. ಪರವಾನಗಿ ಪಡೆದ ಒಬ್ಬ ವೃತ್ತಿಪರರು ಸೂಪರ್‌ವೈಸರ್ ಆಗಿ ಕಂತು ಸಂಗ್ರಹಿಸಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಮತ ಹಾಕಿದ ಸಾಲಿಗರ (ಸಾಲ ಕೊಟ್ಟವರ) ಪೈಕಿ, ಸಾಲದ ಮೌಲ್ಯದ ಲೆಕ್ಕದಲ್ಲಿ ಶೇಕಡಾ 75ರಷ್ಟು ಜನ ಒಪ್ಪಿದರೆ ಮಾತ್ರ ಅದು ಜಾರಿಗೆ ಬರುತ್ತದೆ. ಸ್ಕಾಟ್ಲೆಂಡಿನಲ್ಲಿ ಇದಕ್ಕೆ ಬೇರೆ ಕಾನೂನಿದೆ, ತಮ್ಮ ಅಲ್ಲಿರುವುದಾದರೆ ಈ ಉತ್ತರ ಅನ್ವಯಿಸುವುದಿಲ್ಲ.

ಅವಧಿಗೆ ಮೊದಲು ಮುಗಿಸಬೇಕಾದರೆ ತಮ್ಮ ಮೊದಲು ಮಾತನಾಡಬೇಕಾದದ್ದು ಸೂಪರ್‌ವೈಸರ್ ಜೊತೆಗೆ. ಅವರು ಒಪ್ಪಂದದ ಬದಲಾವಣೆಯ ಪ್ರಸ್ತಾಪ ಬರೆದು ಸಾಲಿಗರ ಮುಂದಿಡುತ್ತಾರೆ. ಉಳಿದ 22 ಕಂತು ಸೇರಿದರೆ 4,840 ಪೌಂಡ್. ಸಾಲಿಗರು ನೋಡುವುದು ಒಂದೇ ಲೆಕ್ಕ: ತಿಂಗಳುಗಟ್ಟಲೆ ಕಾಯ್ದರೆ ತಮಗೆ ಬರುವುದೆಷ್ಟು, ಈಗ ಒಟ್ಟಿಗೆ ಬರುವುದೆಷ್ಟು. ತಮ್ಮನ ಕೆಲಸ ಭದ್ರವಾಗಿದ್ದರೆ ಅವರು ಪೂರ್ತಿ ಮೊತ್ತದ ಹತ್ತಿರವೇ ನಿಲ್ಲುತ್ತಾರೆ, ಕೆಲಸ ಹೋಗಿದ್ದರೆ, ಆರೋಗ್ಯ ಕೆಟ್ಟಿದ್ದರೆ ಕಡಿಮೆಗೂ ಒಪ್ಪುವುದುಂಟು. ಯಾವ ಕಾರಣಕ್ಕೂ ತಮ್ಮ ಒಬ್ಬ ಸಾಲಿಗನಿಗೆ ಮಾತ್ರ ಪಕ್ಕದಿಂದ ಹಣ ಕೊಟ್ಟು ಬಿಡಿಸಿಕೊಳ್ಳಬಾರದು. ಹಣವೆಲ್ಲ ಸೂಪರ್‌ವೈಸರ್ ಮೂಲಕವೇ ಹೋಗಬೇಕು.

ಸೈಟು ನಿಮ್ಮ ಸ್ವಂತದ್ದಾದರೆ ನೀವು ಕೊಡುವುದು ಮೂರನೆಯವರ ಉಡುಗೊರೆಯ ಹಣ, ಪ್ರಸ್ತಾಪದಲ್ಲಿ ಅದನ್ನು ಹಾಗೆಯೇ ಹೇಳಬಹುದು. ಭಾರತದಲ್ಲಿ ವಾಸವಿರುವ ವ್ಯಕ್ತಿ ಲಿಬರಲೈಸ್ಡ್ ರೆಮಿಟೆನ್ಸ್ ಯೋಜನೆಯಡಿ ಒಂದು ಆರ್ಥಿಕ ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು, ಸಂಬಂಧಿಕರಿಗೆ ಕೊಡುವ ಉಡುಗೊರೆಯೂ ಅದರಲ್ಲಿ ಸೇರುತ್ತದೆ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕು ಟಿಸಿಎಸ್ (ಹಣ ಕಳಿಸುವಾಗಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. ಬೇರೆ ಯಾವುದಕ್ಕೂ ಹಣ ಕಳಿಸಿರದಿದ್ದರೆ ನಿಮ್ಮ ಮೊತ್ತ ಅಷ್ಟು ಆಗುವುದಿಲ್ಲ.

ತಮ್ಮನಿಗೂ ಪಾಲಿದ್ದರೆ ಆ ಪಾಲು ಅವನ ಆಸ್ತಿ. ಐವಿಎ ಅರ್ಜಿಯಲ್ಲಿ ಹೊರದೇಶದ ಆಸ್ತಿಯನ್ನೂ ಹೇಳಬೇಕಾಗಿತ್ತು, ಅವಧಿಯಲ್ಲಿ ಕೈಗೆ ಬಂದ ಹಣವನ್ನೂ ತಿಳಿಸಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ‘ಮೈಸೂರಿನ ಸೈಟು ಅಲ್ಲಿಯವರಿಗೆ ಹೇಗೆ ಗೊತ್ತಾಗುತ್ತದೆ’ ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೊಡಬೇಡಿ. ಮುಚ್ಚಿಟ್ಟದ್ದು ಬಯಲಾದರೆ ಮೂರು ವರ್ಷ ಕಟ್ಟಿದ ಏರ್ಪಾಡೇ ಮುರಿದು, ಅವನು ದಿವಾಳಿತನದ ಬಾಗಿಲಿಗೆ ಬಂದು ನಿಲ್ಲಬಹುದು. ಮೊದಲು ಸೂಪರ್‌ವೈಸರ್‌ಗೆ ತಿಳಿಸಿ, ಅವರ ಲಿಖಿತ ಉತ್ತರ ಬಂದ ಮೇಲೆ ಮಾರಾಟಕ್ಕೆ ಸಹಿ ಹಾಕಲಿ. ಅನಿವಾಸಿಯ ಪಾಲಿನ ಮಾರಾಟಕ್ಕೆ ಇಲ್ಲಿ ಟಿಡಿಎಸ್ ನಿಯಮ ಬೇರೆ ಇದೆ, ಅವನ ಹಣ ಎನ್‌ಆರ್‌ಓ ಖಾತೆಗೆ, ಅಂದರೆ ಅನಿವಾಸಿಗಳ ಇಲ್ಲಿನ ಹಣಕ್ಕಾಗಿ ಇರುವ ಖಾತೆಗೆ, ಹೋಗಬೇಕು. ಅದಕ್ಕೆ ಒಬ್ಬ ಲೆಕ್ಕಪರಿಶೋಧಕರನ್ನು ಕಾಣಿ.

ಒಂದು ನಿರೀಕ್ಷೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ. ಬೇಗ ಮುಗಿಸಿದರೆ ಅವನ ಹೆಸರಿನ ಮೇಲಿರುವ ಗುರುತು ಬೇಗ ಅಳಿಸುತ್ತದೆ ಎಂಬುದು ನಿಜವಲ್ಲ. ಮುಗಿದ ಮೇಲೆ ಸೂಪರ್‌ವೈಸರ್ ಪೂರ್ಣಗೊಂಡ ಪತ್ರ ಕೊಡುತ್ತಾರೆ, ಸರ್ಕಾರದ ಇನ್‌ಸಾಲ್ವೆನ್ಸಿ ರಿಜಿಸ್ಟರ್‌ನಿಂದ ಹೆಸರು ಮೂರು ತಿಂಗಳಲ್ಲಿ ಹೋಗುತ್ತದೆ, ಆದರೆ ಕ್ರೆಡಿಟ್ ವರದಿಯಲ್ಲಿ ಐವಿಎ ಆರಂಭವಾದ ದಿನದಿಂದ ಆರು ವರ್ಷ ಅದು ಉಳಿಯುತ್ತದೆ. ಮನೆ ಸಾಲಕ್ಕಾಗಿಯೇ ಅವಸರ ಮಾಡುತ್ತಿದ್ದರೆ, ಈ ಖರ್ಚಿನಿಂದ ಅವನಿಗೆ ನೀವಂದುಕೊಂಡಷ್ಟು ಸಹಾಯವಾಗಲಾರದು. ಮನಸ್ಸಿನ ಭಾರ ಇಳಿಸುವುದಕ್ಕಾದರೆ ಅದು ಬೇರೆ ಮಾತು, ಅದನ್ನು ನಿರ್ಧರಿಸಬೇಕಾದವರು ನೀವಿಬ್ಬರು.

ಪ್ರಶ್ನೆ: ಕಂತು ಮರುಹೊಂದಿಸಿಕೊಂಡಿದ್ದ ಮನೆ ಸಾಲವನ್ನು ನಾಲ್ಕು ತಿಂಗಳ ಹಿಂದೆ ಪೂರ್ತಿ ಕಟ್ಟಿ ಮುಗಿಸಿದೆ. ಎನ್‌ಓಸಿ (ಬಾಕಿ ಇಲ್ಲವೆಂಬ ಪತ್ರ) ಕೊಟ್ಟಿದ್ದಾರೆ, ಆದರೆ ಕ್ರಯಪತ್ರ ಮುಂಬೈ ಕಚೇರಿಯಿಂದ ಬರಬೇಕು ಎನ್ನುತ್ತಲೇ ಇದ್ದಾರೆ. ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಅಡಮಾನ ಇನ್ನೂ ಕಾಣುತ್ತಿದೆ. (ದಾವಣಗೆರೆ)

ಉತ್ತರ: ನಿಮಗೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಬರಬೇಕು. 2023ರ ಸೆಪ್ಟೆಂಬರ್ 13ರ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ, ಸಾಲ ಪೂರ್ತಿ ತೀರಿದ ಅಥವಾ ಸೆಟಲ್ ಆದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಿ, ನೋಂದಾಯಿಸಿದ ಋಣಭಾರವನ್ನೂ ತೆಗೆಸಬೇಕು. ತಡವಾದರೆ, ತಡವಾದ ಕಾರಣವನ್ನು ಸಾಲಗಾರರಿಗೆ ತಿಳಿಸಬೇಕು, ತಡ ತಮ್ಮ ಕಡೆಯಿಂದಾದರೆ ಪ್ರತಿ ದಿನಕ್ಕೆ 5,000 ರೂಪಾಯಿ ಕೊಡಬೇಕು. ದಾಖಲೆ ಕಳೆದುಹೋಗಿದ್ದರೆ ದೃಢೀಕೃತ ನಕಲು ತೆಗೆಸಿಕೊಡುವ ಖರ್ಚು ಅವರದೇ, ಅದಕ್ಕೆ ಹೆಚ್ಚುವರಿ 30 ದಿನ ಮಾತ್ರ ಅವಕಾಶ. ಮುಂಬೈಯಿಂದ ಬರಬೇಕು ಎಂಬುದು ಕಾರಣವಾಗುವುದಿಲ್ಲ, ದಾಖಲೆಯನ್ನು ಸಾಲದ ಖಾತೆಯಿದ್ದ ಶಾಖೆಯಿಂದಲೇ ಪಡೆಯುವ ಆಯ್ಕೆ ನಿಮ್ಮದು.

ಇವತ್ತೇ ಈ ನಿರ್ದೇಶನದ ದಿನಾಂಕವನ್ನು ಉಲ್ಲೇಖಿಸಿ, ಸಾಲ ತೀರಿದ ದಿನ, 30 ದಿನ ಮುಗಿದ ದಿನ, ಇವತ್ತಿಗೆ ಆಗಿರುವ ಪರಿಹಾರದ ಮೊತ್ತ ಇವನ್ನು ಬರೆದು ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕ್ರಯಪತ್ರ ಕೈಗೆ ಬಂದಾಗ ಶಾಖೆಯಲ್ಲಿ ನಿಂತೇ ಪುಟಗಳನ್ನು ಎಣಿಸಿ, ಸಾಲ ತೆಗೆಯುವಾಗ ಕೊಟ್ಟ ಪಟ್ಟಿಯೊಡನೆ ಒಂದೊಂದನ್ನೂ ತಾಳೆ ನೋಡಿ ಸಹಿ ಹಾಕಿ. ಅನಂತರ ಬ್ಯಾಂಕಿನವರು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅಡಮಾನ ಬಿಡುಗಡೆಯನ್ನು ನೋಂದಾಯಿಸಿದ ಒಂದೆರಡು ವಾರದ ಮೇಲೆ ಹೊಸ ಇ.ಸಿ. ತೆಗೆಸಿ, ಬಿಡುಗಡೆಯ ನಮೂದು ಬಂದಿದೆಯೆಂದು ನೋಡಿಕೊಂಡು, ಎನ್‌ಓಸಿಯ ಜೊತೆಗೆ ಸೇರಿಸಿಡಿ.